ಮೋಟಾರು ಗಾಡಿಯ ಜ್ವರನಿದಾನ

ಕಳೆದ ಧನುರ್ಮಾಸದಲ್ಲಿ ನಾವು ಸಕುಟುಂಬರಾಗಿ ಅಳಿಯಂದಿರ ಮೋಟಾರಿನಲ್ಲಿ ಉಜಿರೆಯಿಂದ ಹೊರಟು ಚಾರ್ಮಾಡಿ ಘಾಟಿಯನ್ನು ಏರುತ್ತಿದ್ದೆವು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಹಿಂದೆ ಕುಳಿತಿದ್ದ ಮೂರು ವರ್ಷದ ಮೊಮ್ಮಗಳಿಗೆ ಚಳಿಯಾದೀತೆಂದು ಹೀಟರನ್ನು ಹಾಕಿಸಿದ್ದೆವು. ಅರ್ಧ ಘಾಟಿ ಏರುವಷ್ಟರಲ್ಲಿ ಅದರ ಬಿಸಿಗಾಳಿ ತಣ್ಣಗಾಯಿತು. ಹೀಟರು ಕೆಟ್ಟಿತೆಂದು ಭಾವಿಸಿ, ಮಗುವಿಗೆ ಶಾಲು ಹೊದಿಸಿ, ಆ ವಿಷಯವನ್ನು ಅಲ್ಲಿಗೇ ಬಿಟ್ಟೆವು. ತುಸು ಹೊತ್ತಿನಲ್ಲಿಯೇ ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು.

ಗಾಡಿಯನ್ನು ಬದಿಗೆ ನಿಲ್ಲಿಸಿದ್ದಾಯಿತು. ಅಂಗವಸ್ತ್ರವನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಬಿರಡೆಯನ್ನು ತಿರುಗಿಸಲು ನಾವು ಬಾಗಿದ್ದೇ ತಡ, ಹಿಂದೆ ಬಂದು ನಿಂತ ಲಾರಿಯ ಚಾಲಕನು “ಯಜಮಾನ್ರೇ, ಮುಟ್ಟಬೇಡಿ!” ಎಂದು ಕೂಗಿ ನಮ್ಮ ತೋಳನ್ನೇ ಹಿಡಿದೆಳೆದನು. ಮಗು ನಮ್ಮ ಮಗ್ಗುಲಲ್ಲಿಯೇ ನಿಂತಿದ್ದಿತು. ಬಿರಡೆಯೊಳಗಿನ ಒತ್ತಡದಿಂದಾಗಿ ನೀರು 100 ಡಿಗ್ರಿಯನ್ನು ಮೀರಿದರೂ ಕುದಿಯದೆ ಅಡಗಿರುತ್ತದೆ. ಬಿರಡೆಯು ಸಡಿಲವಾದ ಕ್ಷಣವೇ ಉಕ್ಕಿ ಮುಖಕ್ಕೆ ಚಿಮ್ಮುತ್ತದೆ. ಅಂಗವಸ್ತ್ರವು ಅದನ್ನು ತಡೆಯಲಾರದು.

ಹೀಟರಿನ ತಂಗಾಳಿಯೇ ಮೊದಲ ಎಚ್ಚರಿಕೆಯೆಂಬುದು ನಮಗೆ ತಿಳಿದದ್ದು ಆ ಚಾಲಕನಿಂದ. ಹೀಟರೆಂಬುದು ಬೇರೊಂದು ಒಲೆಯಲ್ಲ. ಎಂಜಿನನ್ನು ತಣಿಸಿ ತಾನು ಬಿಸಿಯಾದ ನೀರಿನ ಒಂದು ಪಾಲು ಗಾಡಿಯೊಳಗಿನ ಪುಟ್ಟ ರೇಡಿಯೇಟರಿನಲ್ಲಿ ಹರಿಯುತ್ತದೆ. ಅದನ್ನು ಹಾಯ್ದು ಬರುವ ಗಾಳಿಯೇ ನಮಗೆ ದೊರೆಯುವ ಶಾಖ. ನೀರು ಸೋರಿ ತಗ್ಗಿದರೆ ಆ ಕೊಳವೆಗಳಿಗೆ ನೀರು ತಲಪದೆ ಗಾಳಿ ತುಂಬಿಕೊಳ್ಳುತ್ತದೆ. ಮುಳ್ಳು ಮೇಲೇರಿ ಹೀಟರು ತಣ್ಣಗಾಯಿತೆಂದರೆ ನೀರಿನ ಕೊರತೆಯನ್ನೇ ಮೊದಲು ಶಂಕಿಸತಕ್ಕದ್ದು. ಮುಳ್ಳು ಏರಿಯೂ ಹೀಟರಿನ ಗಾಳಿ ಬಿಸಿಯಾಗಿಯೇ ಇದ್ದರೆ, ಅದನ್ನು ಪೂರ್ತಿಯಾಗಿ ಹಾಕಿದಲ್ಲಿ ಎಂಜಿನಿನ ತಾಪ ತುಸು ಇಳಿಯುವುದೂ ಉಂಟು.

ರೋಗಕಾರಣವನ್ನು ಗುರುತಿಸುವುದಕ್ಕೆ ವೈದ್ಯರು ನಿದಾನವೆನ್ನುತ್ತಾರೆ. ರೂಢಿಯ ‘ನಿಧಾನ’ವು ಬೇರೆ ಶಬ್ದವಾದರೂ ಇಲ್ಲಿ ಎರಡೂ ಬೇಕು. ಗಾಡಿಯು ನಿಂತಾಗ ಮಾತ್ರ ಕಾಯ್ದು, ಓಡುವಾಗ ತಣಿದರೆ ರೇಡಿಯೇಟರಿನ ಫ್ಯಾನನ್ನು ನೋಡಬೇಕು. ಎಷ್ಟು ದೂರ ಓಡಿದರೂ ಮುಳ್ಳು ಏಳದೆ, ಹೀಟರು ಉಗುರುಬೆಚ್ಚಗೆ ಉಳಿದರೆ ಥರ್ಮೋಸ್ಟಾಟು ಮುಚ್ಚಿಕೊಳ್ಳುತ್ತಿಲ್ಲವೆಂದು ಊಹಿಸಬಹುದು. ಮುಂಗಾಜಿನ ಒಳಮೈಗೆ ಜಿಡ್ಡಿನ ಮಂಜು ಕವಿದು, ಸಿಹಿವಾಸನೆ ಬಂದು, ಕಾಲಡಿಯ ಹಾಸು ಒದ್ದೆಯಾಗಿದ್ದರೆ ಹೀಟರೇ ಸೋರುತ್ತಿದೆ. ಗೃಹಿಣಿಯರು ಇದನ್ನು ವಿಶೇಷವಾಗಿ ಗಮನಿಸಬೇಕು: ಆ ಬಣ್ಣದ ಕೂಲಂಟಿನಲ್ಲಿ ಸಾಮಾನ್ಯವಾಗಿ ಇರುವ ಗ್ಲೈಕಾಲು ನಾಲಗೆಗೆ ಸಿಹಿ, ಹೊಟ್ಟೆಗೆ ವಿಷ. ಮಕ್ಕಳಿಗೂ ನಾಯಿಬೆಕ್ಕುಗಳಿಗೂ ಅದು ಎಟುಕಕೂಡದು.

ಅಂದು ಮುಕ್ಕಾಲು ಗಂಟೆ ಕಾದೆವು. ಎಂಜಿನು ಪೂರ್ತಿ ಆರಿದ ತರುವಾಯ ಚಾಲಕನು ಬಿರಡೆಯನ್ನು ಮೆಲ್ಲಗೆ ತೆರೆದನು. ರಬ್ಬರು ಕೊಳವೆಯೊಂದು ಪಟ್ಟಿಯ ಬಳಿ ಸೀಳಿದ್ದಿತು. ಅವನು ಸೀಳಿದ ತುದಿಯನ್ನು ಕತ್ತರಿಸಿ ಕೊಳವೆಯನ್ನು ಮತ್ತೆ ಬಿಗಿದು, ತನ್ನ ಡಬ್ಬಿಯ ನೀರನ್ನೇ ಸುರಿದನು. ಊರು ಸೇರಿದೊಡನೆ ಕೊಳವೆಯನ್ನು ಬದಲಿಸಿ ಕೂಲಂಟನ್ನು ತುಂಬಿಸಬೇಕೆಂದು ಅಳಿಯಂದಿರಿಗೆ ಎರಡು ಸಲ ಹೇಳಿದನು. ಕೊಟ್ಟಿಗೆಹಾರವು ಹತ್ತಿರವಾಗುವಾಗ ಹೀಟರಿನಿಂದ ಮತ್ತೆ ಬಿಸಿಗಾಳಿ ಬಂದಿತು. ಮಗು ಶಾಲನ್ನು ಕಿತ್ತೊಗೆಯಿತು.