ಸೊಂಟನೋವಿಗೆ ಗಡಿಯಾರದ ಪರೀಕ್ಷೆ ಏಕೆ?

ಸೊಂಟನೋವೆಂದು (ನಮ್ಮ ಧಾರವಾಡ, ವಿಜಾಪುರದ ಕಡೆಯವರು ಟೊಂಕನೋವು ಎನ್ನುತ್ತಾರೆ) ದವಾಖಾನೆಗೆ ಹೋಗಿಬಂದ ಕೆಲವು ವಾಚಕರು ಒಂದು ಮಾತು ಕೇಳುತ್ತಿರುತ್ತಾರೆ. ನೋವು ಎಲ್ಲಿ ಎಂದು ಡಾಕ್ಟರರು ಕೇಳುವುದು ಸರಿ, ಬೆನ್ನು ಮುಟ್ಟಿ ನೋಡುವುದೂ ಸರಿ. ಆದರೆ ಕುರ್ಚಿಯಿಂದ ಐದು ಸಲ ಎದ್ದು ಕುಳಿತುಕೊಳ್ಳಿರೆಂದು ಹೇಳಿ ಗಡಿಯಾರ ಹಿಡಿದು ನಿಲ್ಲುವುದೇಕೆ? ನಾವು ಸುಳ್ಳು ಹೇಳುತ್ತೇವೆಂದೇ?

ಈ ಸಂಶಯದ ಹಿಂದೆ ಹೊಟ್ಟೆಪಾಡಿನ ಭಯವಿದೆ. ಚೆನ್ನಾಗಿ ಮಾಡಿ ತೋರಿಸಿದರೆ ‘ಇವನಿಗೇನೂ ಆಗಿಲ್ಲ’ ಎಂದು ರಜೆಯ ಚೀಟಿ ಸಿಗಲಿಕ್ಕಿಲ್ಲ. ಮಾಡಲಾರದೆ ಹೋದರೆ ‘ಕೆಲಸಕ್ಕೆ ಬಾರದವನು’ ಎಂದು ಬರೆದುಬಿಟ್ಟಾರು. ಹೀಗಾಗಿ ಒಬ್ಬನು ಆಗುವುದನ್ನೂ ಆಗದೆನ್ನುತ್ತಾನೆ, ಇನ್ನೊಬ್ಬನು ಹಲ್ಲು ಕಚ್ಚಿ ಆಗದ್ದನ್ನೂ ಮಾಡಿ ತೋರಿಸುತ್ತಾನೆ. ಇಬ್ಬರ ಪರೀಕ್ಷೆಯೂ ವ್ಯರ್ಥವೇ. ಆದುದರಿಂದ ಈ ಪರೀಕ್ಷೆಗಳು ಏನನ್ನು ಅಳೆಯುತ್ತವೆ, ಏನನ್ನು ಅಳೆಯಲಾರವು ಎಂಬುದನ್ನು ನಾವೆಲ್ಲ ತಿಳಿದಿರುವುದು ಒಳ್ಳೆಯದು.

ಜ್ವರಕ್ಕೆ ಥರ್ಮಾಮೀಟರಿದೆ, ರಕ್ತದ ಒತ್ತಡಕ್ಕೆ ಕೈಗೆ ಸುತ್ತುವ ಪಟ್ಟಿಯಿದೆ. ನೋವನ್ನು ಅಳೆಯುವ ಯಂತ್ರ ಮಾತ್ರ ಇಲ್ಲ. ಅದಕ್ಕೆ ರೋಗಿಯ ಬಾಯಿಮಾತೇ ಆಧಾರ. ಚಿತ್ರ ತೆಗೆಸಿದರೆ ಎಲ್ಲವೂ ತಿಳಿದೀತೆಂದು ನಮ್ಮಲ್ಲಿ ಬಲವಾದ ನಂಬಿಕೆಯುಂಟು, ಎಂ.ಆರ್.ಐ. ತೆಗೆಸಲು ಕೈಸಾಲ ಮಾಡುವವರೂ ಇದ್ದಾರೆ. ಆದರೆ ಸೊಂಟನೋವೇ ಇಲ್ಲದವರ ಚಿತ್ರಗಳನ್ನು ಕುರಿತ ಹಲವು ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದಾಗ, ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆ ಸವೆದ ಗುರುತು 20 ವರ್ಷದವರಲ್ಲಿ ನೂರಕ್ಕೆ 37 ಮಂದಿಗೆ, 50 ವರ್ಷದವರಲ್ಲಿ ನೂರಕ್ಕೆ 80 ಮಂದಿಗೆ ಇದ್ದುದು ತಿಳಿದುಬಂದಿತು. ಇವರೆಲ್ಲ ನೋವಿಲ್ಲದೆ ಓಡಾಡಿಕೊಂಡಿದ್ದವರು! ವಯಸ್ಸಾದಂತೆ ಕೂದಲು ನರೆಯುವ ಹಾಗೆ ಇದೂ ಬಹುಮಟ್ಟಿಗೆ ಒಂದು ಗುರುತು. ಚಿತ್ರದಲ್ಲಿ ಸವೆತ ಕಂಡ ಮಾತ್ರಕ್ಕೆ ಮನುಷ್ಯನು ಎಷ್ಟು ಕೆಲಸ ಮಾಡಬಲ್ಲನೆಂದು ಹೇಳಲಾಗದು.

ಹಾಗಾದರೆ ಅಳೆಯಬಹುದಾದದ್ದು ಯಾವುದು? ನೋವು ಮನುಷ್ಯನಿಂದ ಯಾವ ಯಾವ ಕೆಲಸವನ್ನು ಕಿತ್ತುಕೊಂಡಿದೆ ಎಂಬುದನ್ನು. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಹೊರಡಿಸಿದ ವರ್ಗೀಕರಣದಲ್ಲಿ ದೇಹದ ಸ್ಥಿತಿ ಬೇರೆ, ಮನುಷ್ಯನು ಮಾಡುವ ಕ್ರಿಯೆಗಳು ಬೇರೆ, ಮನೆಯಲ್ಲಿ ಮತ್ತು ದುಡಿಮೆಯಲ್ಲಿ ಅವನು ವಹಿಸುವ ಪಾಲು ಬೇರೆ ಎಂದು ವಿಂಗಡಿಸಿದ್ದಾರೆ. ಇದನ್ನು ತಿಳಿಯಲು ಒಂದು ದಾರಿ ರೋಗಿಯನ್ನೇ ಕೇಳುವುದು. ಇಂಗ್ಲೆಂಡಿನಲ್ಲಿ ರೋಲೆಂಡ್ ಮತ್ತು ಮೋರಿಸ್ ಎಂಬವರು 1983ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 24 ವಾಕ್ಯಗಳಿವೆ. ತನಗೆ ಇಂದು ಅನ್ವಯಿಸುವುದಕ್ಕೆ ರೋಗಿಯು ಗುರುತು ಹಾಕಬೇಕು, ಗುರುತು ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಇನ್ನೊಂದು ದಾರಿ, ಮಾಡಿಸಿಯೇ ನೋಡುವುದು. ಗಡಿಯಾರ ಬರುವುದು ಇಲ್ಲಿ.

ಕುರ್ಚಿಯಿಂದ ಏಳುವ ಪರೀಕ್ಷೆ ಎಲ್ಲಕ್ಕಿಂತ ಸುಲಭ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕುರ್ಚಿಯ ಕೈ ಹಿಡಿಯದೆ, ಐದು ಸಲ ಪೂರ್ತಿ ಎದ್ದು ಪೂರ್ತಿ ಕುಳಿತುಕೊಳ್ಳಬೇಕು. ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳುತ್ತಾರೆ. ಇನ್ನೊಂದು 50 ಅಡಿ ಬೇಗ ಬೇಗ ನಡೆಯುವುದು. ಮುಂದಕ್ಕೆ ಬಾಗಿ ನೆಟ್ಟಗಾಗುವುದನ್ನು ಬೇಗನೆ ಕೆಲವು ಸಲ ಮಾಡಿಸುವುದೂ, ಸಣ್ಣ ತೂಕವನ್ನು ಭುಜದ ಮಟ್ಟದಲ್ಲಿ ಹಿಡಿದು ಕೈ ಎಷ್ಟು ಮುಂದಕ್ಕೆ ಚಾಚಬಲ್ಲನೆಂದು ನೋಡುವುದೂ ಉಂಟು. 1998ರಲ್ಲಿ ಸಿಮ್ಮಂಡ್ಸ್ ಎಂಬ ವಿದುಷಿಯೂ ಸಂಗಡಿಗರೂ ಇಂಥ ಪರೀಕ್ಷೆಗಳನ್ನು ಸೊಂಟನೋವಿನವರ ಮೇಲೂ ನೋವಿಲ್ಲದವರ ಮೇಲೂ ನಡೆಸಿ, ದುಬಾರಿ ಯಂತ್ರಗಳಿಲ್ಲದೆಯೂ ನಂಬತಕ್ಕ ಅಳತೆ ಸಿಗುತ್ತದೆಂದು ತೋರಿಸಿದರು.

ನಾರ್ವೆ ದೇಶದವರು 2002ರಲ್ಲಿ ಪ್ರಕಟಿಸಿದ ಕ್ರಮ ನನಗೆ ಹೆಚ್ಚು ಹಿಡಿಸಿತು. ಅದರಲ್ಲಿ ಐದೇ ಪರೀಕ್ಷೆಗಳು: ಕುಳಿತು ಕಾಲುಚೀಲ ಹಾಕಿಕೊಳ್ಳುವಂತೆ ಪಾದದ ಬೆರಳಿಗೆ ಕೈ ಮುಟ್ಟಿಸುವುದು, ನೆಲದ ಮೇಲಿನ ಕಾಗದದ ಚೂರನ್ನು ಎತ್ತುವುದು, ಅಂಗಾತ ಮಲಗಿದಲ್ಲಿಂದ ಎದ್ದು ಕೂಡುವುದು, ನಿಂತು ಬಾಗಿದಾಗ ಬೆರಳ ತುದಿ ನೆಲಕ್ಕೆ ಎಷ್ಟು ದೂರವೆಂದು ಅಳೆಯುವುದು, ಒಂದು ನಿಮಿಷದಲ್ಲಿ ಪೆಟ್ಟಿಗೆಯನ್ನು ನೆಲದಿಂದ ಮೇಜಿಗೆ ಎಷ್ಟು ಸಲ ಎತ್ತಿ ಇಳಿಸಬಲ್ಲನೆಂದು ಎಣಿಸುವುದು. ಒಂದೊಂದಕ್ಕೆ 0ಯಿಂದ 3ರವರೆಗೆ ಅಂಕ, ಒಟ್ಟು 15. ಶಾಲೆಯ ಲೆಕ್ಕಕ್ಕೆ ಇದು ತಲೆಕೆಳಗು; ಇಲ್ಲಿ ಸೊನ್ನೆ ಬಂದವನೇ ಗಟ್ಟಿಗ. ಕಾಲುಚೀಲವೆಂದರೆ ಚಳಿದೇಶದವರ ನಿತ್ಯದ ಮಾತು. ನಮ್ಮವರಿಗೆ ಚಕ್ಕಳಮಕ್ಕಳ ಹಾಕಿ ಉಣ್ಣಲು ಕೂಡುವುದು, ಶೌಚಕ್ಕೆ ಕುಕ್ಕರುಗಾಲಿನಲ್ಲಿ ಕೂತು ಏಳುವುದು, ತುಂಬಿದ ಕೊಡ ಎತ್ತುವುದು ಮುಖ್ಯ. ಇವು ಪಟ್ಟಿಯಲ್ಲಿಲ್ಲವೆಂದು ಸುಮ್ಮನಿರಬೇಡಿರಿ; ಡಾಕ್ಟರರಿಗೆ ನೀವಾಗಿ ಹೇಳಿರಿ.

ಬೆನ್ನಿನ ಸ್ನಾಯುಗಳ ತಾಳಿಕೆಯನ್ನು ನೋಡುವ ಪರೀಕ್ಷೆಯೊಂದಿದೆ. ಡೆನ್ಮಾರ್ಕಿನ ಡಾಕ್ಟರ್ ಬೀರಿಂಗ್-ಸೋರೆನ್ಸನ್ ಅದನ್ನು 449 ಗಂಡಸರು, 479 ಹೆಂಗಸರ ಮೇಲೆ ನಡೆಸಿ 1984ರಲ್ಲಿ ಪ್ರಕಟಿಸಿದರು. ಬೋರಲಾಗಿ ಮಲಗಿಸಿ, ಸೊಂಟದಿಂದ ಮೇಲಿನ ಭಾಗ ಮೇಜಿನಾಚೆಗೆ ಬರುವಂತೆ ಮಾಡಿ, ಕಾಲುಗಳನ್ನು ಪಟ್ಟಿಗಳಿಂದ ಬಿಗಿಯುತ್ತಾರೆ. ಮೈಯನ್ನು ಹಲಗೆಯಂತೆ ನೇರವಾಗಿ ಎಷ್ಟು ಹೊತ್ತು ಹಿಡಿದಿರಬಲ್ಲನೋ ನೋಡುತ್ತಾರೆ. 240 ಸೆಕೆಂಡಿಗೆ ನಿಲ್ಲಿಸುತ್ತಾರೆ. ಮುಂದಿನ ಒಂದು ವರ್ಷ ಗಮನಿಸಿದಾಗ, ಹೆಚ್ಚು ಹೊತ್ತು ತಾಳಿದ ಗಂಡಸರಲ್ಲಿ ಹೊಸದಾಗಿ ಸೊಂಟನೋವು ಬಂದದ್ದು ಕಡಿಮೆ. ಇದನ್ನು ಮಾತ್ರ ಖೋಲಿಯಲ್ಲಿ ಮಂಚದ ಮೇಲೆ ಗೆಳೆಯನ ಕೈಲಿ ಕಾಲು ಹಿಡಿಸಿ ಮಾಡಲು ಹೋಗಬೇಡಿರಿ.

ಈಗ ಮೊದಲಿನ ಸಂಶಯಕ್ಕೆ ಬರೋಣ. ಈ ಪರೀಕ್ಷೆಗಳು ಕಳ್ಳನನ್ನು ಹಿಡಿಯಲು ಹುಟ್ಟಿದವಲ್ಲ. ಸಂಶಯ ಪೂರಾ ನಿರಾಧಾರವೆಂದೂ ಹೇಳಲಾರೆ. ವಾಡೆಲ್ ಎಂಬ ಬ್ರಿಟನ್ನಿನ ಶಸ್ತ್ರವೈದ್ಯರು 1980ರಲ್ಲಿ ಸೊಂಟನೋವಿನವರಲ್ಲಿ ಕಾಣುವ ಕೆಲವು ಚಿಹ್ನೆಗಳನ್ನು ಪಟ್ಟಿಮಾಡಿದರು. ಬರಿಯ ದೇಹವನ್ನು ನೋಡಿದರೆ ಸಾಲದು, ಮನಸ್ಸಿನ ಕಳವಳವನ್ನೂ ವಿಚಾರಿಸಬೇಕೆಂಬ ಸೂಚನೆ ಅದು. ಹಲವರು ಅದನ್ನು ಸೋಗು ಹಾಕುವವರನ್ನು ಗುರುತಿಸುವ ಉಪಾಯವೆಂದು ಬಳಸಿದರು. ಅದು ತಪ್ಪು ಅರ್ಥವೆಂದು ವಾಡೆಲ್ಲರೇ 1998ರಲ್ಲಿ ಮತ್ತೆ ಬರೆಯಬೇಕಾಯಿತು. ಅಂದರೆ ಅಳತೆಗೋಲಿನಲ್ಲಿ ದೋಷವಿಲ್ಲದಿದ್ದರೂ ಹಿಡಿದ ಕೈಯಲ್ಲಿ ಇರಬಹುದು.

ಇನ್ನೊಂದು ಸಂಗತಿಯನ್ನು ರೋಗಿಗಳಷ್ಟೇ ಅಲ್ಲ, ರಜೆಯ ಅರ್ಜಿ ನೋಡುವ ನಮ್ಮಂಥ ಗುಮಾಸ್ತರೂ ಅರಿಯತಕ್ಕದ್ದು. ನೋವು ಎಷ್ಟಿದೆಯೆಂದು ರೋಗಿ ಹೇಳುವುದಕ್ಕೂ, ಅವನು ಮಾಡಿ ತೋರಿಸುವುದಕ್ಕೂ ತಾಳೆ ಪೂರ್ತಿ ಕೂಡುವುದಿಲ್ಲ. ಬಹಳ ನೋವಿದ್ದೂ ಬೇಗ ನಡೆಯುವವರಿದ್ದಾರೆ. ನೋವು ತಗ್ಗಿದ ಮೇಲೂ ಬಾಗಿದರೆ ಎಲ್ಲಿ ಹಿಡಿದುಕೊಂಡೀತೋ ಎಂಬ ಅಂಜಿಕೆಯಿಂದ ಬಾಗದವರಿದ್ದಾರೆ. ಎರಡರಲ್ಲಿ ಯಾವುದೂ ಸುಳ್ಳಲ್ಲ. ಮೇಲಾಗಿ 50 ಅಡಿ ನಡೆದವನು ಮಗ್ಗದ ಮುಂದೆ ಎಂಟು ತಾಸಿನ ಪಾಳಿ ನಿಂತಾನು ಎಂದಾಗಲಿ, ಲೋಕಲ್ ಗಾಡಿಯಲ್ಲಿ ಜೋತುಬಿದ್ದು ಬಂದು ಗೋಣಿ ಹೊತ್ತಾನು ಎಂದಾಗಲಿ ಆಗುವುದಿಲ್ಲ.

ಪರೀಕ್ಷೆಯ ನಿಜವಾದ ಉಪಯೋಗ ಒಬ್ಬನನ್ನು ಇನ್ನೊಬ್ಬನೊಡನೆ ಹೋಲಿಸುವುದರಲ್ಲಿಲ್ಲ. ಅವನನ್ನು ಅವನೊಡನೆಯೇ ಹೋಲಿಸುವುದರಲ್ಲಿದೆ. ಇಂದು ಐದು ಸಲ ಏಳಲು 24 ಸೆಕೆಂಡು ಹಿಡಿದದ್ದು ಆರು ವಾರ ವ್ಯಾಯಾಮ ಮಾಡಿದ ಮೇಲೆ 15ಕ್ಕೆ ಇಳಿದರೆ, ನೋವು ಇನ್ನೂ ಇದೆಯೆನಿಸಿದರೂ ಮೈ ತಿರುಗಿಕೊಂಡಿದೆಯೆಂದು ತಿಳಿಯಬಹುದು. ಒಂದೆರಡು ಸೆಕೆಂಡಿನ ವ್ಯತ್ಯಾಸಕ್ಕೆ ಹಿಗ್ಗಬೇಕಾಗಿಲ್ಲ, ಕುಗ್ಗಬೇಕಾಗಿಲ್ಲ. ಆದಷ್ಟು ಅದೇ ಎತ್ತರದ ಕುರ್ಚಿ, ಅದೇ ಹೊತ್ತು ಇರಲಿ. ರಾತ್ರಿಪಾಳಿ ಮುಗಿಸಿ ಹೋದ ದಿನದ ಲೆಕ್ಕವೂ ವಾರದ ರಜೆಯ ದಿನದ ಲೆಕ್ಕವೂ ಒಂದಾಗವು. ಅಂಕಗಳನ್ನು ಕೇಳಿ ನಿಮ್ಮ ಚೀಟಿಯಲ್ಲಿ ಬರೆಯಿಸಿಕೊಳ್ಳಿರಿ. ನಿಮ್ಮ ಕೆಲಸವೇನು, ಎಷ್ಟು ತೂಕ, ದಿನಕ್ಕೆ ಎಷ್ಟು ಸಲ, ಎಷ್ಟು ತಾಸು ನಿಲ್ಲಬೇಕು ಎಂಬುದನ್ನು ಒಂದು ಕಾಗದದಲ್ಲಿ ಬರೆದು ಒಯ್ಯಿರಿ. ಬರೆಯಲು ಬಾರದವರಿಗೆ ವಾಚನಾಲಯದಲ್ಲಿ ಯಾರಾದರೂ ಬರೆದುಕೊಟ್ಟಾರು. ಹಗುರ ಕೆಲಸ ಬೇಕೆಂದು ಕೇಳುವಾಗ ‘ಬಹಳ ನೋವು’ ಎನ್ನುವುದಕ್ಕಿಂತ ‘ನಿಮಿಷಕ್ಕೆ ಮೂರು ಸಲಕ್ಕಿಂತ ಹೆಚ್ಚು ಎತ್ತಲಾರೆ’ ಎಂಬ ಮಾತಿಗೆ ತೂಕ ಹೆಚ್ಚು.

ಇವೆಲ್ಲ ಸಾಧಾರಣ ಸೊಂಟನೋವಿನ ಮಾತಾಯಿತು. ತೊಡೆಸಂದಿನ ಭಾಗ ಜೋಮು ಹಿಡಿದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರಗಳು ತಿಳಿಯದೆ ಹೋಗುತ್ತಿದ್ದರೆ, ಕಾಲಿನಲ್ಲಿ ಬಲ ಕುಂದುತ್ತಿದ್ದರೆ ಯಾವ ಪರೀಕ್ಷೆಗೂ ಕಾಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ನೋವಿನ ಜೊತೆಗೆ ಜ್ವರವಿದ್ದವರು, ಕಾರಣವಿಲ್ಲದೆ ತೂಕ ಇಳಿಯುತ್ತಿರುವವರು, ಎತ್ತರದಿಂದ ಬಿದ್ದವರು ಕೂಡ ಮೊದಲು ಡಾಕ್ಟರರಿಗೆ ಅದನ್ನು ಹೇಳಬೇಕು. ಕುರ್ಚಿಯ ಲೆಕ್ಕ ಆಮೇಲೆ.