ಸಾರಿನ ಬೇರು, ಆಸ್ಪತ್ರೆಯ ಗುಳಿಗೆ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಚೀನೀ ಪೇಟೆಗೆ ಕಾಲಿಟ್ಟವರನ್ನು ಮೊದಲು ಎದುರುಗೊಳ್ಳುವುದು ನಾರುಬೇರುಗಳ ವಾಸನೆ. ನಮ್ಮ ಗ್ರಂಧಿಗೆ ಅಂಗಡಿಗಳನ್ನು ನೆನಪಿಗೆ ತರುವ ಮಳಿಗೆಗಳು. ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಸೆಳೆಖಾನೆಗಳು. ಒಳಗೆ ಒಣಗಿದ ಬೇರು, ತೊಗಟೆ, ಕಿತ್ತಳೆಯ ಸಿಪ್ಪೆ. ವೈದ್ಯನು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ಹಿಡಿಯುತ್ತಾನೆ, ನಾಲಗೆಯನ್ನು ಪರೀಕ್ಷಿಸುತ್ತಾನೆ, ಮೂಲಿಕೆಗಳನ್ನು ತೂಗಿ ಪೊಟ್ಟಣ ಕಟ್ಟಿಕೊಡುತ್ತಾನೆ. ಆ ಪೊಟ್ಟಣವನ್ನು ಚೀಲದಲ್ಲಿಟ್ಟುಕೊಂಡೇ ಮುದುಕರು ರಕ್ತದ ಒತ್ತಡ ತೋರಿಸಲು ಆಸ್ಪತ್ರೆಗೂ ಹೋಗುತ್ತಾರೆ. ಇದರಲ್ಲಿ ಅವರಿಗೆ ವಿರೋಧವೇನೂ ಕಾಣದು. ಜ್ವರ ಇಳಿಸಲು ಗುಳಿಗೆ, ಮೈಗೆ ಬಲ ತುಂಬಲು ಕಷಾಯ, ಎರಡಕ್ಕೂ ಎಡೆಯುಂಟು.

ಆಸ್ಪತ್ರೆಯ ಬಾಗಿಲು ಅವರ ಹಿಂದಿನವರಿಗೆ ಸುಲಭವಾಗಿ ತೆರೆದುದಲ್ಲ. ಚೀನೀ ಕೂಲಿಕಾರರ ಪ್ರವೇಶವನ್ನು 1882ರ ಕಾನೂನು ನಿಷೇಧಿಸಿತ್ತು. 1900ರಲ್ಲಿ ಪ್ಲೇಗಿನ ಶಂಕೆ ತಲೆದೋರಿದಾಗ ನಗರಾಧಿಕಾರಿಗಳು ಇಡೀ ಪೇಟೆಗೇ ಹಗ್ಗ ಬಿಗಿದು ಕಾವಲು ಹಾಕಿದರು. ಒಳಗಿದ್ದ ಬಿಳಿಯರನ್ನು ಮಾತ್ರ ಹೊರಗೆ ಬಿಟ್ಟರು. ಇತರ ಆಸ್ಪತ್ರೆಗಳು ದೂರವಿಟ್ಟ ಆ ಜನ ತಾವೇ ಔಷಧಾಲಯ ತೆರೆದು, 1925ರಲ್ಲಿ ತಮ್ಮದೇ ಆದ ಚೈನೀಸ್ ಹಾಸ್ಪಿಟಲನ್ನು ಕಟ್ಟಿಕೊಂಡರು. ಇಂದಿನ ವೃದ್ಧರಲ್ಲಿ ಅನೇಕರು 1965ರ ವಲಸೆ ಕಾನೂನಿನ ಬಳಿಕ ಬಂದವರು. ಅವರಿಗಿರುವುದು ಬಾಗಿಲಿನ ತೊಡಕಲ್ಲ, ಮಾತಿನ ತೊಡಕು.

ಉಷ್ಣ, ಶೀತ ಎಂದರೇನೆಂದು ಕನ್ನಡದ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯಾದ ಮರುದಿನ ದಾದಿ ಮಂಜುಗಡ್ಡೆ ತೇಲುವ ನೀರನ್ನು ತಂದಿಟ್ಟರೆ ಚೀನೀ ಅಜ್ಜಿ ಲೋಟವನ್ನು ಮುಟ್ಟಲಾರಳು; ಬಿಸಿನೀರು ಬೇಕೆನ್ನಲು ಇಂಗ್ಲಿಷ್ ಬಾರದು. ಪಾಶ್ಚಾತ್ಯ ಔಷಧಿ ಬಲು ತೀಕ್ಷ್ಣವೆಂದು ಗುಳಿಗೆಯನ್ನು ಮುರಿದು ಅರ್ಧವನ್ನೇ ನುಂಗುವವರೂ ಉಂಟು. ಡಾಕ್ಟರರಿಗೆ ಎದುರಾಡುವುದು ಅಗೌರವವಲ್ಲವೆ? ಆದುದರಿಂದ ಅವರ ಮುಂದೆ ತಲೆಯಾಡಿಸಿ ಬರುತ್ತಾರೆ.

ಅಪಾಯವಿರುವುದು ಇಲ್ಲಿಯೇ. ಡಾಂಗ್ ಕ್ವಾಯ್ ಎಂಬ ಬೇರನ್ನು ಕೋಳಿಯ ಸಾರಿನಲ್ಲಿ ಕುದಿಸಿ ಕುಡಿಯುವುದು ಚೀನೀ ಮನೆಗಳ ವಾಡಿಕೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಗುಳಿಗೆಯೊಡನೆ ಈ ಬೇರು ಸೇರಿದರೆ ರಕ್ತಸ್ರಾವದ ಭಯ ಹೆಚ್ಚುತ್ತದೆ. ಕಷಾಯಗಳಿಗೆ ಬೀಳುವ ಜ್ಯೇಷ್ಠಮಧುವಿನ ಜಾತಿಯ ಬೇರು, ನಮಗೂ ಪರಿಚಿತವಾದುದು, ಅತಿಯಾದರೆ ರಕ್ತದ ಒತ್ತಡವನ್ನು ಏರಿಸಿ ಪೊಟ್ಯಾಸಿಯಮ್ಮನ್ನು ಇಳಿಸುತ್ತದೆ. "ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತೀರಾ?" ಎಂದು ಡಾಕ್ಟರರು ಕೇಳಿದರೆ ಮುದುಕ "ಇಲ್ಲ" ಎನ್ನುತ್ತಾನೆ. ಅದು ಸುಳ್ಳಲ್ಲ. ಅವನ ಲೆಕ್ಕದಲ್ಲಿ ಸಾರು ಔಷಧಿಯಲ್ಲ, ಊಟ.

ನಡುವೆ ನಿಂತು ಮಾತು ತಿರುಗಿಸುವವನು ಎಷ್ಟೋ ವೇಳೆ ಹತ್ತು ವರ್ಷದ ಮೊಮ್ಮಗನಾಗಿರುತ್ತಿದ್ದನು. ಅಜ್ಜಿಗೆ ಅರ್ಬುದವೆಂಬ ಮಾತನ್ನು ಆ ಹುಡುಗ ಯಾವ ಬಾಯಿಂದ ಹೇಳಿಯಾನು? ತುರ್ತು ಪ್ರಸಂಗದ ಹೊರತು ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡಕೂಡದೆಂದು ಅಮೆರಿಕದ ಸರ್ಕಾರ 2016ರಲ್ಲಿ ನಿಯಮ ಮಾಡಿತು.

ಅದಕ್ಕೂ ಬಹಳ ಹಿಂದೆಯೇ, 1973ರಲ್ಲಿ, ಆ ಪೇಟೆಯ ಬಳಿ ಆನ್ ಲೋಕ್ ಎಂಬ ಸಂಸ್ಥೆ ವೃದ್ಧರಿಗಾಗಿ ಹಗಲಿನ ಆರೈಕೆ ಕೇಂದ್ರವನ್ನು ತೆರೆದಿತ್ತು. ಕ್ಯಾಂಟನೀಸ್ ಮಾತಿನಲ್ಲಿ ಶಾಂತಿ ಸಂತೋಷಗಳ ನೆಲೆ ಎಂದು ಅದರ ಅರ್ಥ. ಬೆಳಿಗ್ಗೆ ವಾಹನದಲ್ಲಿ ಕರೆತಂದು, ಊಟ, ಚಿಕಿತ್ಸೆ, ಸಂಗಡಿಗರ ಹರಟೆ ಎಲ್ಲವನ್ನೂ ಒದಗಿಸಿ, ಸಂಜೆ ಮನೆ ಮುಟ್ಟಿಸುವ ಏರ್ಪಾಡು. 1997ರಲ್ಲಿ ಈ ಮಾದರಿ ದೇಶದ ಕಾನೂನಿನಲ್ಲಿಯೇ ಸ್ಥಾನ ಪಡೆಯಿತು. ಇಂಥ ಕೇಂದ್ರಗಳಲ್ಲಿ ಡಾಕ್ಟರರು, ದಾದಿಯರು ಕುಳಿತು ಸಮಾಲೋಚಿಸುವಾಗ ವಾಹನ ಚಾಲಕನಿಗೂ ಸ್ಥಾನವುಂಟು. ನಿನ್ನೆಯವರೆಗೆ ಮೆಟ್ಟಿಲನ್ನು ತಾವೇ ಇಳಿದು ಬರುತ್ತಿದ್ದ ಅಜ್ಜ ಇಂದು ಗೋಡೆ ಹಿಡಿದುಕೊಂಡರೆ ಮೊದಲು ಕಾಣುವವನು ಅವನೇ ತಾನೆ!