ಹಿನ್ನೆಲೆಯಲ್ಲಿ ನಿಂತವರ ಕುಲಗೋತ್ರ

1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಒಂದು ಹೆಂಡದಂಗಡಿಯ ದೃಶ್ಯವಿದೆ. ಮರಳುಗಾಡಿನ ಗ್ರಹದ ಆ ಕತ್ತಲ ಕೋಣೆಯಲ್ಲಿ ಕೊಂಬಿನವರು, ಉದ್ದ ಮೂತಿಯವರು, ಸುತ್ತಿಗೆಯಂಥ ತಲೆಯವರು ಕೂತು ಕುಡಿಯುತ್ತಾರೆ. ತೆರೆಯ ಮೇಲೆ ಒಬ್ಬೊಬ್ಬರಿಗೆ ಸಿಕ್ಕಿದ್ದು ಕೆಲವೇ ಕ್ಷಣ. ಅವರು ಯಾರು, ಎಲ್ಲಿಯವರು, ಯಾಕೆ ಇಲ್ಲಿಗೆ ಬಂದರು ಎಂಬುದನ್ನು ಸಿನಿಮಾ ಹೇಳಲಿಲ್ಲ. ಹೇಳಿದ್ದು ಆಮೇಲೆ ಬಂದ ಕಾದಂಬರಿಗಳು, ಕಾಮಿಕ್ಸ್, ಆಟದ ಕೈಪಿಡಿಗಳು. ತಾಳಮದ್ದಳೆ ಕೇಳಿದವರಿಗೆ ಇದೇನೂ ಹೊಸದಲ್ಲ: ಪದ್ಯ ನಾಲ್ಕು ಸಾಲು, ಅರ್ಥ ಅರ್ಧ ಗಂಟೆ. ಹೀಗೆ ಬೆಳೆದ ಜೀವಿಗಳ ಸುತ್ತ ತಪ್ಪು ತಿಳಿವಳಿಕೆಯೂ ಸೊಂಪಾಗಿಯೇ ಬೆಳೆದಿದೆ. ಕೆಲವನ್ನು ಇಲ್ಲಿ ಬಿಡಿಸಿದ್ದೇನೆ. ಕಥೆಯ ಗುಟ್ಟುಗಳು ಬಯಲಾಗುತ್ತವೆ. ಇಪ್ಪತ್ತು ಮೂವತ್ತು ವರ್ಷ ಹಳೆಯ ಪುಸ್ತಕಗಳ ಗುಟ್ಟು ಕಾಯುವ ತಾಳ್ಮೆ ನನಗಿಲ್ಲ.

ತಪ್ಪು ಕಲ್ಪನೆ: ಈ ಕುಲಗಳಿಗೆಲ್ಲ ಹೆಸರಿಟ್ಟು, ಚರಿತ್ರೆ ಬರೆದು ಇಟ್ಟುಕೊಂಡೇ ಜಾರ್ಜ್ ಲ್ಯೂಕಾಸ್ ಸಿನಿಮಾ ತೆಗೆದರು.

ವಾಸ್ತವ: ಹೆಂಡದಂಗಡಿಯ ಗಿರಾಕಿಗಳಿಗೆ ಮೊದಲು ಇದ್ದದ್ದು ಅಡ್ಡಹೆಸರುಗಳು. 1978ರಲ್ಲಿ ಕೆನ್ನರ್ ಕಂಪನಿ ಮಾರಿದ ಗೊಂಬೆಗಳ ಹೆಸರು ನೋಡಿ: ‘ಹ್ಯಾಮರ್‌ಹೆಡ್’, ‘ವಾಲ್ರಸ್ ಮ್ಯಾನ್’, ‘ಸ್ನ್ಯಾಗಲ್‌ಟೂತ್’. ನಮ್ಮ ಹಳ್ಳಿಗಳಲ್ಲಿ ಕುಂಟ, ಮೆಳ್ಳಗಣ್ಣ ಎಂದು ಕರೆದಂತೆ. ಸ್ನ್ಯಾಗಲ್‌ಟೂತ್‌ನ ಕಥೆ ಇನ್ನೂ ತಮಾಷೆಯದು. ಗೊಂಬೆ ಮಾಡುವವರ ಕೈಗೆ ಸಿಕ್ಕ ಫೋಟೊದಲ್ಲಿ ಸೊಂಟದಿಂದ ಮೇಲಷ್ಟೇ ಕಾಣುತ್ತಿತ್ತು. ಅವರು ಎತ್ತರದ ಆಳೆಂದುಕೊಂಡು ನೀಲಿ ಬಟ್ಟೆ ತೊಡಿಸಿ, ಬೂಟು ಹಾಕಿ ಮಾರಿದರು. ಪಾತ್ರ ನಿಜವಾಗಿ ಕುಳ್ಳ, ಬಟ್ಟೆ ಕೆಂಪು. ಆಮೇಲೆ ತಿದ್ದಿದರು. ಈಗ ಸಂಗ್ರಾಹಕರು ಹುಡುಕುವುದು ಆ ತಪ್ಪು ಗೊಂಬೆಯನ್ನೇ!

ಸರಿಯಾದ ಕುಲನಾಮಗಳು ಬರಲು ಸುಮಾರು ಹತ್ತು ವರ್ಷ ಬೇಕಾಯಿತು. 1987ರಲ್ಲಿ ವೆಸ್ಟ್ ಎಂಡ್ ಗೇಮ್ಸ್ ಎಂಬ ಅಮೆರಿಕದ ಸಂಸ್ಥೆ ಸ್ಟಾರ್ ವಾರ್ಸ್ ಪಾತ್ರಾಭಿನಯದ ಆಟವನ್ನು ತಂದಿತು. ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಈ ಆಟದಲ್ಲಿ ಆಟಗಾರ ‘ನಾನು ಆ ಸುತ್ತಿಗೆ ತಲೆಯವನಾಗುತ್ತೇನೆ’ ಎಂದರೆ, ಅವನು ಯಾವ ಗ್ರಹದವನು, ಸ್ವಭಾವವೇನು ಎಂದು ಪುಸ್ತಕ ಹೇಳಲೇಬೇಕಲ್ಲ! ಹಾಗೆ ಹ್ಯಾಮರ್‌ಹೆಡ್ ಇಥೋರಿಯನ್ ಆದ, ಹಸಿರು ಮೈಯ ಗ್ರೀಡೊ ರೋಡಿಯನ್ ಆದ. ಮುಂದೆ ತಿಮೋತಿ ಝಾನ್ ಕಾದಂಬರಿ ಬರೆಯಲು ಕೂತಾಗ ಲ್ಯೂಕಾಸ್‌ಫಿಲ್ಮ್ ಅವರ ಕೈಗಿಟ್ಟ ಆಕರಗಳಲ್ಲಿ ಈ ಆಟದ ಪುಸ್ತಕಗಳೂ ಇದ್ದವು.

ತಪ್ಪು ಕಲ್ಪನೆ: ಮೊದಲ ಡೆತ್ ಸ್ಟಾರ್‌ನ ನಕ್ಷೆ ತರಲು ಬಾಥನ್ನರು ಪ್ರಾಣ ಕೊಟ್ಟರು.

ವಾಸ್ತವ: ಎರಡನೆಯದಕ್ಕೆ. ಡೆತ್ ಸ್ಟಾರ್ ಎಂದರೆ ಗ್ರಹವನ್ನೇ ಸಿಡಿಸಬಲ್ಲ, ಸಾಮ್ರಾಜ್ಯದ ಯುದ್ಧನಿಲ್ದಾಣ. ಸಾಮ್ರಾಜ್ಯದ ವಿರುದ್ಧ ಬಂಡೆದ್ದವರ ನಾಯಕಿ ಮಾನ್ ಮಾಥ್ಮಾ ಬಾಥನ್ನರ ಸಾವನ್ನು ನೆನೆಯುವುದು 1983ರ ‘ರಿಟರ್ನ್ ಆಫ್ ದಿ ಜೆಡೈ’ನಲ್ಲಿ. ಮೊದಲ ನಕ್ಷೆಯ ಕಥೆ 2016ರ ‘ರೋಗ್ ಒನ್’ಗೆ ಸೇರಿದ್ದು. ಅಭಿಮಾನಿಗಳು ಎರಡನ್ನೂ ಕಲಸಿಬಿಡುತ್ತಾರೆ. ಆ ಮಾತಿನಲ್ಲಿ ಬರುವ ಬಾಥನ್ನರಲ್ಲಿ ಒಬ್ಬನೂ ತೆರೆಯ ಮೇಲೆ ಕಾಣಿಸುವುದಿಲ್ಲ. ಒಂದೇ ಒಂದು ಮಾತಿನಿಂದ ಹುಟ್ಟಿದ ಕುಲ ಅದು. ಅದಕ್ಕೆ ಜೀವ ತುಂಬಿದ್ದು ಝಾನ್. ಅವರ ಬಾರ್ಸ್ಕ್ ಫೇಲ್ಯ ಹುತಾತ್ಮನೂ ಅಲ್ಲ, ಗೂಢಚಾರನೂ ಅಲ್ಲ, ಕುರ್ಚಿಯ ಮೇಲೆ ಕಣ್ಣಿಟ್ಟ ಪಕ್ಕಾ ರಾಜಕಾರಣಿ. ಬಾಥನ್ನರ ಮನಸ್ಸಿನ ಏರಿಳಿತ ಮೈಮೇಲಿನ ರೋಮದ ಅಲೆಯಲ್ಲಿ ಕಂಡುಬಿಡುತ್ತದೆ. ಈ ಏರ್ಪಾಡು ನಮ್ಮ ವಿಧಾನಸಭೆಗಳಲ್ಲೂ ಇದ್ದಿದ್ದರೆ ಪತ್ರಕರ್ತರ ಕೆಲಸ ಎಷ್ಟೋ ಹಗುರಾಗುತ್ತಿತ್ತು.

ತಪ್ಪು ಕಲ್ಪನೆ: ನೀಲಿ ಮೈಯ ಸೇನಾಪತಿ ಥ್ರಾನ್ ಇತ್ತೀಚೆಗೆ ಟಿವಿಯವರು ಸೇರಿಸಿದ ಪಾತ್ರ, ಮನುಷ್ಯರನ್ನಷ್ಟೇ ಮೇಲೇರಿಸುವ ಸಾಮ್ರಾಜ್ಯದಲ್ಲಿ ಅವನಂಥವನು ಇರಲು ಸಾಧ್ಯವಿಲ್ಲ.

ವಾಸ್ತವ: 2023ರ ‘ಅಸೋಕಾ’ ಸರಣಿಯಲ್ಲಿ ಅವನನ್ನು ಮೊದಲು ಕಂಡವರು ಹೀಗೆ ಭಾವಿಸಿದರೆ ತಪ್ಪೇನಲ್ಲ. ಆದರೆ ಥ್ರಾನ್ ಹುಟ್ಟಿದ್ದು 1991ರಲ್ಲಿ, ಝಾನ್‌ರ ‘ಏರ್ ಟು ದಿ ಎಂಪೈರ್’ ಕಾದಂಬರಿಯಲ್ಲಿ. ಸಾಮ್ರಾಜ್ಯ ಅನ್ಯಜೀವಿಗಳನ್ನು ಕೀಳಾಗಿ ಕಾಣುತ್ತದೆ ಎಂಬುದು ಝಾನ್‌ಗೆ ಗೊತ್ತಿತ್ತು, ಅದನ್ನೇ ಅವರು ಬಳಸಿಕೊಂಡರು. ಅಂಥ ಕಡೆ ಮೇಲೇರಬೇಕಾದರೆ ಥ್ರಾನ್ ಎಷ್ಟು ಸಮರ್ಥನಿರಬೇಕು ಎಂದು ಓದುಗರೇ ಲೆಕ್ಕ ಹಾಕಿಕೊಳ್ಳಲಿ ಎಂಬ ಜಾಣತನ. ಶತ್ರುಕುಲದ ಚಿತ್ರ, ಶಿಲ್ಪಗಳನ್ನು ನೋಡಿ ಅವರ ಯುದ್ಧದ ದೌರ್ಬಲ್ಯವನ್ನು ಊಹಿಸುವುದು ಅವನ ಪರಿ. ಮೊದಲ ಪುಸ್ತಕದಲ್ಲಿ ಅವನ ಕುಲಕ್ಕೆ ಹೆಸರೇ ಇರಲಿಲ್ಲ, ‘ಚಿಸ್’ ಎಂಬುದು ಆಮೇಲೆ ಬಂತು. ‘ಕ್ಲೋನ್ ವಾರ್ಸ್’ ಸರಣಿಯ ಪ್ಯಾಂಟೊರನ್ನರೂ ನೀಲಿ ಮೈಯವರೇ, ಆದರೆ ಅವರ ಕಣ್ಣು ಹಳದಿ. ಚಿಸ್‌ಗಳದ್ದು ಕೆಂಡದಂತೆ ಕೆಂಪು.

ತಪ್ಪು ಕಲ್ಪನೆ: ನೋಗ್ರಿಗಳು ಹುಟ್ಟಾ ಕೊಲೆಗಡುಕರು.

ವಾಸ್ತವ: ಇಡೀ ವಿಸ್ತೃತ ಸಾಹಿತ್ಯದಲ್ಲಿ ನನಗೆ ತುಂಬ ಹಿಡಿಸಿದ ಕುಲ ಇದು, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಕುಳ್ಳಗಿನ, ಬೂದು ಮೈಯ ನೋಗ್ರಿಗಳು ಹೊನೋಗ್ರ್ ಗ್ರಹದವರು. ಆಕಾಶದಲ್ಲಿ ಯಾರದೋ ಯುದ್ಧ, ಒಂದು ನೌಕೆ ಇವರ ನೆಲಕ್ಕೆ ಬಿತ್ತು. ಅದರ ವಿಷ ಹರಡಿ ಮಣ್ಣು ಸತ್ತಿತು. ಆಗ ಸಾಮ್ರಾಜ್ಯದ ಬಲಗೈ ಡಾರ್ತ್ ವೇಡರ್ ಬಂದ. ನೆಲ ಶುದ್ಧಮಾಡುವ ಯಂತ್ರಗಳನ್ನು ಕೊಟ್ಟ, ಬದಲಿಗೆ ಅವರ ಗಂಡಾಳುಗಳ ಸೇವೆ ಕೇಳಿದ. ಋಣ ಎಂದರೆ ಪ್ರಾಣಕ್ಕಿಂತ ಹೆಚ್ಚು ಎಂದು ನಂಬಿದ ಜನ. ತಲೆಮಾರು ಕಳೆದರೂ ಸಾಮ್ರಾಜ್ಯಕ್ಕಾಗಿ ಕೊಲ್ಲುತ್ತ, ಸಾಯುತ್ತ ಉಳಿದರು.

ಥ್ರಾನ್‌ನ ಕಥೆ ಹೇಳುವ ಝಾನ್‌ರ ಮೂರು ಪುಸ್ತಕಗಳಲ್ಲಿ ಎರಡನೆಯದರಲ್ಲಿ (1992) ಬಂಡಾಯದ ನಾಯಕಿ ಲೇಯಾ ಹೊನೋಗ್ರ್‌ಗೆ ಹೋಗುತ್ತಾಳೆ. ಅವಳು ವೇಡರ್‌ನ ಮಗಳೆಂದು ನೋಗ್ರಿಗಳಿಗೆ ತಿಳಿದದ್ದು ಅವಳ ಕೈಯ ವಾಸನೆಯಿಂದ. ನೆಲ ಯಾಕೆ ಇನ್ನೂ ಚೇತರಿಸಿಕೊಂಡಿಲ್ಲ ಎಂದು ಕೆದಕಿದವಳಿಗೆ ಸಿಕ್ಕ ಉತ್ತರ ಭಯಂಕರ. ಅಲ್ಲೆಲ್ಲ ಬೆಳೆದಿದ್ದ ಹುಲ್ಲು ಸಾಮ್ರಾಜ್ಯವೇ ತಯಾರಿಸಿದ್ದು, ಬೇರೆ ಗಿಡ ಏಳದಂತೆ ತಡೆಯುವುದೇ ಅದರ ಕೆಲಸ. ಸಾಲ ತೀರದಂತೆ ನೋಡಿಕೊಂಡ ಸಾಹುಕಾರ! ಜೀತದ ಕಥೆಗಳನ್ನು ಕೇಳಿ ಬೆಳೆದ ನಾವು ಇದನ್ನು ವೈಜ್ಞಾನಿಕ ಕಲ್ಪನೆ ಎಂದು ಓದುವುದೇ ಕಷ್ಟ. ಮೂರನೆಯ ಪುಸ್ತಕದ ಕೊನೆಯಲ್ಲಿ ಥ್ರಾನ್‌ನ ಎದೆಗೆ ಚೂರಿ ಹಾಕುವವನು ಅವನದೇ ಅಂಗರಕ್ಷಕ, ರುಕ್ ಎಂಬ ನೋಗ್ರಿ. ಎಲ್ಲರ ಕಲೆ ಓದಿ ಬಲ್ಲ ಸೇನಾಪತಿ ಪಕ್ಕದಲ್ಲಿ ನಿಂತವನ ಮನಸ್ಸನ್ನು ಓದಲಿಲ್ಲ.

ತಪ್ಪು ಕಲ್ಪನೆ: ಯೂಝಾನ್ ವಾಂಗ್‌ಗಳು ಎಲ್ಲ ಜೀವಿಗಳನ್ನು ಬೆಸೆಯುವ ‘ಫೋರ್ಸ್’ ಎಂಬ ಶಕ್ತಿಯ ಆಚೆಗಿನವರು.

ವಾಸ್ತವ: 1999ರಿಂದ 2003ರವರೆಗೆ ಬಂದ ‘ನ್ಯೂ ಜೆಡೈ ಆರ್ಡರ್’ ಸರಣಿಯ ಖಳರು ಇವರು, ಬೇರೆ ತಾರಾಮಂಡಲದಿಂದ ದಂಡೆತ್ತಿ ಬಂದವರು. ಆರ್.ಎ. ಸಾಲ್ವಟೋರ್ ಬರೆದ ಮೊದಲ ಪುಸ್ತಕದಲ್ಲೇ ಗ್ರಹವೊಂದರ ಮೇಲೆ ಅದರ ಚಂದ್ರನನ್ನೇ ಕೆಡವುತ್ತಾರೆ, ಮೊದಲ ಸಿನಿಮಾದಿಂದಲೂ ಇದ್ದ ಚ್ಯೂಬಾಕಾ ಸಾಯುತ್ತಾನೆ. ಇಂದಿಗೂ ಅದನ್ನು ಕ್ಷಮಿಸದ ಓದುಗರಿದ್ದಾರೆ. ವಾಂಗ್‌ಗಳಿಗೆ ಯಂತ್ರ ಎಂದರೆ ಮೈಲಿಗೆ. ಅವರ ನೌಕೆ ಬೆಳೆಸಿದ ಹವಳ, ಕೈದೊಣ್ಣೆ ಜೀವಂತ ಹಾವು, ದೂರದ ಮಾತಿಗೂ ಒಂದು ಜೀವಿ. ಅವರ ಸೃಷ್ಟಿಕಥೆಯಲ್ಲಿ ದೇವರು ತನ್ನ ಮೈಯನ್ನೇ ತುಂಡುಮಾಡಿ ಜಗತ್ತನ್ನು ಕಟ್ಟುತ್ತಾನೆ. ಪುರುಷಸೂಕ್ತ ಬಲ್ಲವರು ಇಲ್ಲಿ ಒಂದು ಕ್ಷಣ ನಿಲ್ಲದಿರಲಾರರು.

ಫೋರ್ಸ್ ಬಳಸಬಲ್ಲ ಯೋಧರಾದ ಜೆಡೈಗಳಿಗೆ ಇವರ ಇರವು ಫೋರ್ಸ್‌ನಲ್ಲಿ ತಿಳಿಯುವುದೇ ಇಲ್ಲ ಎಂಬುದು ನಿಜ. ಹಾಗೆಂದು ಅದು ಅವರ ಹುಟ್ಟುಗುಣವಲ್ಲ ಎಂದು ಸರಣಿ ಕೊನೆಗೆ ತಿಳಿಸುತ್ತದೆ. ಅವರ ತಾಯಿಗ್ರಹಕ್ಕೆ ಜೀವವಿತ್ತು. ಇವರು ಹಿಂಸೆಯ ದಾರಿ ಹಿಡಿದಾಗ ಅದೇ ಇವರನ್ನು ಫೋರ್ಸ್‌ನಿಂದ ಕಡಿದುಹಾಕಿತು. ತಾಯಿ ಕೊಟ್ಟ ಬಹಿಷ್ಕಾರ. ಇವರು ನೋವನ್ನೇ ಪೂಜಿಸುವುದೇಕೆ ಎಂಬುದಕ್ಕೆ ನನ್ನ ಮಟ್ಟಿಗೆ ಇದೇ ಉತ್ತರ. ಹತ್ತೊಂಬತ್ತು ಪುಸ್ತಕ ಓದಿಸಿ ಇಷ್ಟು ತಡವಾಗಿ ಹೇಳಿದ್ದು ಸರಣಿಯ ತಪ್ಪು. ಅಷ್ಟು ದೂರ ಹೋಗದವರೇ ಈ ತಪ್ಪು ಕಲ್ಪನೆಯನ್ನು ಹರಡಿದವರು.

ತಪ್ಪು ಕಲ್ಪನೆ: ಮ್ಯಾಂಡಲೋರಿಯನ್ ಎಂಬುದು ಒಂದು ಜೀವಿಕುಲ.

ವಾಸ್ತವ: ಅಲ್ಲ. ಅದೊಂದು ಸಂಸ್ಕೃತಿ, ಒಂದು ವ್ರತ. ಶಿರಸ್ತ್ರಾಣದೊಳಗೆ ಯಾವ ಕುಲದವರೂ ಇರಬಹುದು.

ತಪ್ಪು ಕಲ್ಪನೆ: 2014ರಲ್ಲಿ ಇದೆಲ್ಲ ರದ್ದಾಯಿತು, ಇನ್ನು ಓದಿ ಪ್ರಯೋಜನವಿಲ್ಲ.

ವಾಸ್ತವ: ಡಿಸ್ನಿ ಲ್ಯೂಕಾಸ್‌ಫಿಲ್ಮ್ ಅನ್ನು ಕೊಂಡ ಮೇಲೆ, 2014ರ ಏಪ್ರಿಲ್‌ನಲ್ಲಿ ಹಳೆಯ ಪುಸ್ತಕಗಳಿಗೆ ‘ಲೆಜೆಂಡ್ಸ್’ ಎಂಬ ಪಟ್ಟಿ ಹಚ್ಚಿದ್ದು ಹೌದು. ಹೊಸ ಚಿತ್ರಗಳು ಅವುಗಳ ಕಥೆಗೆ ಬದ್ಧವಲ್ಲ, ಅಷ್ಟೇ. ಬಳಕೆ ನಿಂತಿಲ್ಲ. ಥ್ರಾನ್ 2016ರಲ್ಲಿ ‘ರೆಬೆಲ್ಸ್’ ಸರಣಿಗೆ ಮರಳಿದ, ಬೆನ್ನಿಗೇ ರುಕ್ ಕೂಡ ಬಂದ. ಅದಕ್ಕೂ ಮುಂಚೆ, ಕಾಮಿಕ್ಸ್‌ಗಾಗಿ ಬರೆದ ಟ್ವೀಲೆಕ್ ಕುಲದ ಜೆಡೈ ಆಯ್ಲಾ ಸೆಕ್ಯೂರಾಳ ಚಿತ್ರ ನೋಡಿ ಮೆಚ್ಚಿದ ಲ್ಯೂಕಾಸ್ 2002ರ ‘ಅಟ್ಯಾಕ್ ಆಫ್ ದಿ ಕ್ಲೋನ್ಸ್’ಗೆ ಅವಳನ್ನು ಕರೆತಂದಿದ್ದರು. ಗಣರಾಜ್ಯದ ರಾಜಧಾನಿಗೆ ಕೊರುಸಾಂಟ್ ಎಂದು ಹೆಸರಿಟ್ಟದ್ದೂ ಝಾನ್‌ರ ಅದೇ 1991ರ ಪುಸ್ತಕ.

ಶುರುಮಾಡುವವರು ಅಲ್ಲಿಂದಲೇ ಶುರುಮಾಡಿ. ಮೂರು ಪುಸ್ತಕದಲ್ಲಿ ಮುಗಿಯುತ್ತದೆ. ವಾಂಗ್‌ಗಳನ್ನು ದೊಡ್ಡ ರಜೆಗೆ ಇಟ್ಟುಕೊಳ್ಳಿ.